ಪಕ್ಕದ ಮನೆಯವರು ದುಡ್ಡು ಬೇಡ ಅಂತಾರೆ, ಏನು ಮಾಡಲಿ?

ಪ್ರಶ್ನೆ: ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಚಾಳಿನಲ್ಲಿ (ವಠಾರದಲ್ಲಿ) ಕಲಬುರಗಿ ಕಡೆಯ ಒಂದು ಕುಟುಂಬ ಇದೆ. ಯಜಮಾನರು ಕಟ್ಟಡದ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ದುಡ್ಡು ಕೊಡಲು ಹೋದರೆ ಆ ಅಕ್ಕ ‘ಬ್ಯಾಡ್ರಿ’ ಅಂತಾರೆ. ಹೇಗೆ ಸಹಾಯ ಮಾಡೋದು?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸೋಣ. ಬೇಡ ಅನ್ನುವವರೂ ಕೈಗಡ ಅಂದರೆ ಒಪ್ಪುವುದುಂಟು. ‘ಅಣ್ಣನ ಕಾಲು ಸರಿಹೋಗಲಿ, ಆಮೇಲೆ ಕೊಡಿ ಅಕ್ಕಾ’ ಅನ್ನಿ. ತಾರೀಖು ಹೇಳಬೇಡಿ. ಮುಂದೆ ಅವರು ನೂರು ರೂಪಾಯಿ ವಾಪಸ್ ತಂದರೆ ಸುಮ್ನೆ ತೆಗೆದುಕೊಳ್ಳಿ. ‘ಅಯ್ಯೋ, ಇರಲಿ ಬಿಡಿ’ ಅಂದಿರೋ, ಮತ್ತೆ ನಿಮ್ಮ ಹತ್ತಿರ ಏನನ್ನೂ ಕೇಳುವುದಿಲ್ಲ.

ಆದರೆ ಆ ಮನೆಗೆ ನಿಮ್ಮ ದುಡ್ಡಿಗಿಂತ ನಿಮ್ಮ ಅರ್ಧ ದಿನ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಲೋಕಲ್ ಹಿಡಿದು ಓಡುವ ಊರಲ್ಲಿ ಐನೂರು ಕೊಡೋದು ಸುಲಭ, ರಜೆ ಹಾಕೋದೇ ಕಷ್ಟ, ಅಲ್ವಾ?

ರೇಷನ್ ವಿಷಯವನ್ನೇ ನೋಡಿ. ಊರಿನ ಬಿಪಿಎಲ್ ಕಾರ್ಡ್ ಇಲ್ಲಿ ನಡೆಯಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ನಡೆಯುತ್ತದೆ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಕಾರ್ಡ್ ಅಥವಾ ಆಧಾರ್ ನಂಬರ್ ಹೇಳಿ, ಇಲ್ಲಿನ ರೇಷನ್ ಅಂಗಡಿಯ ಯಂತ್ರದ ಮೇಲೆ ಬೆರಳಿಟ್ಟರೆ ಧಾನ್ಯ ಸಿಗಬೇಕು. ಬಿಪಿಎಲ್ ಮನೆಗೆ ತಲಾ 5 ಕೆಜಿ, 2023ರ ಜನವರಿಯಿಂದ ಉಚಿತ. ಕರ್ನಾಟಕ ಸರ್ಕಾರ ಅದರ ಮೇಲೆ ಕೊಡುವುದು ಇಲ್ಲಿ ಸಿಗದು. ಊರಲ್ಲಿ ಅತ್ತೆ ಮಾವ ಇದ್ದರೆ ಅವರ ಪಾಲನ್ನು ಅಲ್ಲೇ ತೆಗೆದುಕೊಂಡು, ಇವರ ಪಾಲನ್ನು ಇಲ್ಲಿ ತೆಗೆದುಕೊಳ್ಳಬಹುದು. ತೊಡಕು ಬರೋದು ಬೆರಳಲ್ಲೇ. ಸಿಮೆಂಟಿನಲ್ಲಿ ದುಡಿದ ಕೈಯ ಗೆರೆ ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. ಅಂಗಡಿಯವನು ‘ನಾಹೀ ಹೋತ್’ (ಆಗಲ್ಲ) ಅಂದ ಕೂಡಲೇ ಅಕ್ಕ ಖಾಲಿ ಚೀಲ ಮಡಚಿಕೊಂಡು ಬಂದುಬಿಡುತ್ತಾರೆ. ಮರಾಠಿ ಬರುವ ನೀವು ಪಕ್ಕದಲ್ಲಿದ್ದರೆ, ಇನ್ನೊಂದು ಬೆರಳು ಇಟ್ಟು ನೋಡೋಣ, ಇಲ್ಲವೇ ಕಾರ್ಡಿನಲ್ಲಿ ಹೆಸರಿರುವ ಮಗಳನ್ನು ಕರೆತರ್ತೀವಿ ಅನ್ನಬಹುದು.

ಇನ್ನೊಂದು ಮಾತು. ಬಿದ್ದದ್ದು ಕೆಲಸದ ಜಾಗದಲ್ಲಿ ತಾನೇ? ಪರಿಹಾರದ ಹೊಣೆ ಕೆಲಸ ಕೊಟ್ಟವರದು, 1923ರಿಂದಲೂ ಕಾನೂನಿನಲ್ಲಿದೆ. ಕಂಟ್ರಾಕ್ಟರ್ ಎರಡು ಸಾವಿರ ಕೈಗಿಟ್ಟು ಹೋದರೆ ಲೆಕ್ಕ ಮುಗಿಯಲಿಲ್ಲ. ಅಪಘಾತವಾಗಿ 2 ವರ್ಷದೊಳಗೆ ಅರ್ಜಿ ಹಾಕಬೇಕು. ಆಸ್ಪತ್ರೆಯ ಮೊದಲ ದಿನದ ಕೇಸ್ ಪೇಪರ್, ಎಕ್ಸ್‌ರೇ, ಮುಕಾದಮನ (ಮೇಸ್ತ್ರಿಯ) ಜೊತೆಗಿನ ವಾಟ್ಸಾಪ್ ಮಾತು, ಎಲ್ಲವನ್ನೂ ಒಂದು ಕಡೆ ಎತ್ತಿಡಲು ಹೇಳಿ.

ಕಾಲಿನ ಆಪರೇಷನ್ ಬಾಕಿ ಇದ್ದರೆ ಟ್ರಸ್ಟ್ ಆಸ್ಪತ್ರೆಗೆ ಹೋಗಿ ಸೋಶಿಯಲ್ ವರ್ಕರ್ ಅವರನ್ನು ಕೇಳಿ. ಮಹಾರಾಷ್ಟ್ರದ ದೊಡ್ಡ ಧರ್ಮಾರ್ಥ ಆಸ್ಪತ್ರೆಗಳಲ್ಲಿ ಶೇ. 10ರಷ್ಟು ಹಾಸಿಗೆ ತೀರಾ ಬಡವರಿಗೆ ಉಚಿತ, ಇನ್ನೂ ಶೇ. 10ರಷ್ಟು ರಿಯಾಯಿತಿಯಲ್ಲಿ ಕೊಡಬೇಕು. ರೇಷನ್ ಕಾರ್ಡ್, ಆದಾಯದ ಪ್ರಮಾಣಪತ್ರ ಜೊತೆಗಿರಲಿ. ಬಿಲ್ ಆದ ಮೇಲೆ ಅಲ್ಲ, ಸೇರಿಸುವ ಮೊದಲೇ ಕೇಳಿ.