ನೂಲೆಷ್ಟು, ಮಗ್ಗವೆಷ್ಟು: ಎತ್ತರದ ಆನುವಂಶಿಕತೆಯ ಲೆಕ್ಕ

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯಲ್ಲಿ ಮಗ್ಗದ ಮಾತೇ ಇಲ್ಲ. ಒಂದೇ ನೂಲನ್ನು ಎರಡು ಮಗ್ಗಗಳಿಗೆ ಕೊಟ್ಟರೆ ಎರಡು ಬಗೆಯ ಸೀರೆ ಬರಬಹುದೆಂದು ನೇಕಾರರಿಗೆ ಗೊತ್ತು. ಎತ್ತರದ ತಂದೆತಾಯಿಯ ಮಕ್ಕಳು ಎತ್ತರವಾಗಿ ಬೆಳೆದರೆ ಅದು ವಂಶವಾಹಿಗಳಿಂದ ಬಂದದ್ದೋ, ಆ ಮನೆಯಲ್ಲಿ ಎರಡು ತಲೆಮಾರು ಉಂಡ ಹಾಲು ಮೊಸರಿನಿಂದ ಬಂದದ್ದೋ ಎಂದು ನೋಡಿದ ಮಾತ್ರಕ್ಕೆ ಹೇಳಲಾಗದು, ಏಕೆಂದರೆ ಹೆತ್ತವರು ಮಕ್ಕಳಿಗೆ ಎರಡನ್ನೂ ಒಟ್ಟಿಗೇ ಕೊಡುತ್ತಾರೆ. ಎತ್ತರ, ರಕ್ತದೊತ್ತಡ, ಸಕ್ಕರೆ ಕಾಯಿಲೆಯಂತಹ ಸಂಕೀರ್ಣ ಗುಣಗಳ ಅಧ್ಯಯನಕ್ಕೆಂದು ಸಂಖ್ಯಾಶಾಸ್ತ್ರಜ್ಞರು ನೂರಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಕಟ್ಟಿಕೊಂಡು ಬಂದ ವಿಧಾನಗಳೆಲ್ಲ ಬಹುಮಟ್ಟಿಗೆ ಈ ಎರಡನ್ನು ಬೇರ್ಪಡಿಸುವ ಉಪಾಯಗಳೇ. ಇಂತಹ ಗುಣಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಎತ್ತರ, ಅಳೆಯಲು ಒಂದು ಗೋಡೆ ಮತ್ತು ಒಂದು ಟೇಪು ಸಾಕಾಗುವ ಕಾರಣಕ್ಕೆ.

ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ದಂಪತಿಗಳ ಮತ್ತು ಅವರ 928 ವಯಸ್ಕ ಮಕ್ಕಳ ಎತ್ತರವನ್ನು ಕೋಷ್ಟಕಕ್ಕಿಳಿಸಿದ. ಹೆಂಗಸರ ಎತ್ತರವನ್ನು 1.08ರಿಂದ ಗುಣಿಸಿ ಗಂಡಸರ ಅಳತೆಗೆ ಸರಿಹೊಂದಿಸಿಕೊಂಡು, ತಂದೆತಾಯಿಯರ ಸರಾಸರಿಯನ್ನು ಮಕ್ಕಳ ಎತ್ತರದ ಜೊತೆ ಹೋಲಿಸಿದಾಗ, ತಂದೆತಾಯಿ ಸರಾಸರಿಗಿಂತ ಮೂರು ಇಂಚು ಎತ್ತರವಿದ್ದರೆ ಮಕ್ಕಳು ಸುಮಾರು ಎರಡು ಇಂಚು ಮಾತ್ರ ಎತ್ತರವಿರುತ್ತಾರೆಂದು ತಿಳಿಯಿತು. ಇಂದು ಪ್ರತಿ ಸಂಖ್ಯಾಶಾಸ್ತ್ರ ಪಠ್ಯದಲ್ಲೂ ಇರುವ ‘ರಿಗ್ರೆಷನ್’ ಎಂಬ ಪದ ಈ ಹಿಂಸರಿತದಿಂದ ಹುಟ್ಟಿದ್ದು. ‘ಯುಜೆನಿಕ್ಸ್’ ಎಂಬ ಪದವನ್ನು ಟಂಕಿಸಿ, ಮನುಷ್ಯರ ತಳಿಯನ್ನು ‘ಸುಧಾರಿಸಬೇಕು’ ಎಂದು ವಾದಿಸಿದವನೂ ಇದೇ ಗಾಲ್ಟನ್. ಈ ಶಾಸ್ತ್ರದ ಹುಟ್ಟಿನಲ್ಲೇ ಆ ಕಲೆ ಇದೆ.

1900ರಲ್ಲಿ ಮೆಂಡೆಲನ ಬಟಾಣಿ ಪ್ರಯೋಗಗಳು ಮತ್ತೆ ಬೆಳಕಿಗೆ ಬಂದಾಗ ಜಗಳ ಹುಟ್ಟಿತು. ಮೆಂಡೆಲನ ಗಿಡಗಳು ಒಂದೋ ಎತ್ತರ, ಇಲ್ಲವೇ ಕುಳ್ಳು. ಮನುಷ್ಯರಲ್ಲಾದರೋ ಎತ್ತರ ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಹರಡಿಕೊಂಡಿರುತ್ತದೆ. ಎರಡೂ ಒಂದೇ ನಿಯಮಕ್ಕೆ ಒಳಪಡಲಾರವೆಂದು ಅನೇಕರು ನಂಬಿದ್ದರು. ಈ ಜಗಳವನ್ನು ಲೆಕ್ಕದಿಂದ ತೀರಿಸಿದವನು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್. ಪ್ರತಿಯೊಂದೂ ಮೆಂಡೆಲನ ನಿಯಮವನ್ನೇ ಪಾಲಿಸುವ, ಆದರೆ ಎತ್ತರಕ್ಕೆ ಚೂರೇ ಚೂರು ಸೇರಿಸುವ ಅಥವಾ ಕಳೆಯುವ ಅನೇಕ ಜೀನ್‌ಗಳಿದ್ದರೆ, ನೂರು ನಾಣ್ಯಗಳನ್ನು ಚಿಮ್ಮಿ ತಲೆಗಳನ್ನು ಎಣಿಸಿದಂತೆ, ಒಟ್ಟು ಮೊತ್ತ ಗಂಟೆಯಾಕಾರದಲ್ಲಿ ಹರಡಿಕೊಳ್ಳುತ್ತದೆಂದು 1918ರಲ್ಲಿ ಎಡಿನ್‌ಬರೋದ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಆತ ತೋರಿಸಿದ. ವ್ಯಕ್ತಿಗಳ ನಡುವಿನ ಏರುಪೇರನ್ನು ಅಳೆಯುವ ಒಂದು ಮಾನಕ್ಕೆ ‘ವೇರಿಯೆನ್ಸ್’ ಎಂದು ಹೆಸರಿಟ್ಟು, ಅದನ್ನು ಕಾರಣವಾರು ಪಾಲು ಮಾಡುವ ದಾರಿಯನ್ನೂ ಅದೇ ಪ್ರಬಂಧದಲ್ಲಿ ಹಾಕಿಕೊಟ್ಟ.

ಈ ‘ಪಾಲು’ ಎಂಬ ಮಾತು ಬಹಳ ಜನರನ್ನು ದಾರಿ ತಪ್ಪಿಸಿದೆ. ಎತ್ತರದ ಆನುವಂಶಿಕತೆ ಶೇ. 80 ಎಂದರೆ ನಿಮ್ಮ ಎತ್ತರದ ಶೇ. 80ರಷ್ಟು ಭಾಗ ಜೀನ್‌ಗಳದ್ದು, ಉಳಿದದ್ದು ಅನ್ನದ್ದು ಎಂದಲ್ಲ. ಒಂದು ಸೀರೆಯನ್ನು ಕೈಯಲ್ಲಿ ಹಿಡಿದು ಇದರಲ್ಲಿ ನೂಲೆಷ್ಟು, ಮಗ್ಗವೆಷ್ಟು ಎಂದು ಕೇಳುವುದಕ್ಕೆ ಅರ್ಥವಿಲ್ಲ. ಒಂದು ಊರಿನ ಸಾವಿರ ಸೀರೆಗಳನ್ನು ಮುಂದಿಟ್ಟುಕೊಂಡು, ಅವುಗಳ ಬಾಳಿಕೆಯಲ್ಲಿ ಕಾಣುವ ಏರುಪೇರಿನಲ್ಲಿ ಎಷ್ಟು ನೂಲಿನ ವ್ಯತ್ಯಾಸದಿಂದ ಬಂದದ್ದು ಎಂದು ಕೇಳಬಹುದು. ಊರಿನ ಮಗ್ಗಗಳೆಲ್ಲ ಒಂದೇ ತರಹ ಇದ್ದರೆ ಏರುಪೇರೆಲ್ಲ ನೂಲಿನದೇ ಎಂದು ಉತ್ತರ ಬರುತ್ತದೆ, ಮಗ್ಗಗಳಲ್ಲಿ ಅಜಗಜಾಂತರವಿದ್ದರೆ ಅದೇ ನೂಲಿನ ಪಾಲು ಕುಸಿಯುತ್ತದೆ. ಆ ಸಂಖ್ಯೆ ಒಂದು ಕಾಲದ, ಒಂದು ಜನಸಮೂಹದ ಗುಣವೇ ಹೊರತು ಜೀನ್‌ನ ಗುಣವಲ್ಲ.

ಜೀನ್‌ಗಳನ್ನು ಕಣ್ಣಾರೆ ಕಾಣದೆಯೇ, ಬರೀ ನೆಂಟಸ್ತಿಕೆಯ ಲೆಕ್ಕದ ಮೇಲೆ ಈ ಶಾಸ್ತ್ರ ಬಹುಕಾಲ ನಡೆಯಿತು. ತದ್ರೂಪಿ ಅವಳಿಗಳು ಉಳಿದ ಅವಳಿಗಳಿಗಿಂತ ಎಷ್ಟು ಹೆಚ್ಚು ಹೋಲುತ್ತಾರೆಂದು ನೋಡುವುದು ಅಂತಹ ಒಂದು ಲೆಕ್ಕ, ಎತ್ತರದ ಶೇ. 80 ಬಂದದ್ದು ಅಲ್ಲಿಂದ. ಈ ಶತಮಾನದ ಮೊದಲ ದಶಕದಲ್ಲಿ, ಜನರ ನಡುವೆ ಒಂದಕ್ಷರದಷ್ಟು ಬದಲಾಗುವ ಡಿಎನ್‌ಎ ತಾಣಗಳನ್ನು, ಅಂದರೆ ಸ್ನಿಪ್‌ಗಳನ್ನು, ಲಕ್ಷಗಟ್ಟಲೆ ಒಮ್ಮೆಗೇ ಓದಬಲ್ಲ ಚಿಪ್‌ಗಳು ಅಗ್ಗವಾದವು. ಪ್ರತಿ ಸ್ನಿಪ್‌ಗೂ ‘ಈ ಅಕ್ಷರವಿರುವವರು ಸರಾಸರಿಯಲ್ಲಿ ಹೆಚ್ಚು ಎತ್ತರವೇ?’ ಎಂದು ಕೇಳುವುದೇ ಇಡೀ ಜೀನೋಮಿನ ಸಹಸಂಬಂಧ ಅಧ್ಯಯನ. ಪ್ರಶ್ನೆ ಸರಳ, ಆದರೆ ಅದನ್ನು ಹತ್ತು ಲಕ್ಷ ಸಲ ಕೇಳಿದರೆ ಕಷ್ಟ. ಇಪ್ಪತ್ತರಲ್ಲಿ ಒಂದು ಸಲ ತಪ್ಪಾದರೆ ಪರವಾಗಿಲ್ಲವೆಂಬ ರೂಢಿಯ ಮಟ್ಟವನ್ನು ಇಲ್ಲಿಟ್ಟರೆ ಸುಳ್ಳು ಉತ್ತರಗಳೇ ಐವತ್ತು ಸಾವಿರ ಸಿಗುತ್ತವೆ. ಅದಕ್ಕಾಗಿ, ಬರೀ ಆಕಸ್ಮಿಕವಾಗಿ ಹಾಗಾಗುವ ಸಂಭವ ಎರಡು ಕೋಟಿಯಲ್ಲಿ ಒಂದಕ್ಕಿಂತ ಕಡಿಮೆಯಿದ್ದರೆ ಮಾತ್ರ ಆ ತಾಣವನ್ನು ಒಪ್ಪುವುದು ವಾಡಿಕೆಯಾಯಿತು.

ಇಷ್ಟು ಪರೀಕ್ಷೆಗಳನ್ನು ಕಂಪ್ಯೂಟರು ಬೇಗ ಮುಗಿಸಲು ನೆರವಾಗುವ ಒಂದು ಉಪಾಯ ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರದು. ಅವರು ಕೇಂಬ್ರಿಡ್ಜಿನಲ್ಲಿ ಫಿಷರ್‌ನ ಬಳಿಯೇ ಪಿಎಚ್‌ಡಿ ಮಾಡಿದವರು. 1948ರಲ್ಲಿ ಅವರು ರೂಪಿಸಿದ ‘ಸ್ಕೋರ್ ಟೆಸ್ಟ್’ನಲ್ಲಿ ‘ಪರಿಣಾಮವೇನೂ ಇಲ್ಲ’ ಎಂಬ ಮಾದರಿಯನ್ನು ಒಂದು ಸಲ ಹೊಂದಿಸಿಕೊಂಡರೆ ಸಾಕು. ಆಮೇಲೆ ಪ್ರತಿ ತಾಣಕ್ಕೂ ಹೊಸ ಮಾದರಿ ಕಟ್ಟದೆ, ದತ್ತಾಂಶ ಆ ಮಾದರಿಯಿಂದ ಯಾವ ಕಡೆಗೆ, ಎಷ್ಟು ಜಗ್ಗುತ್ತಿದೆ ಎಂದಷ್ಟೇ ನೋಡಬಹುದು. ಈ ಬಗೆಯ ಅಧ್ಯಯನಕ್ಕೆ ಇಂದು ಬಳಸುವ ಹಲವು ತಂತ್ರಾಂಶಗಳ ಒಳಗೆ ಇದೇ ಕೆಲಸ ಮಾಡುತ್ತಿದೆ.

2008ರ ಹೊತ್ತಿಗೆ ಎತ್ತರಕ್ಕೆ ಸಂಬಂಧಿಸಿದ ಸುಮಾರು ನಲವತ್ತು ತಾಣಗಳು ಸಿಕ್ಕಿದ್ದವು. ಎಲ್ಲವನ್ನೂ ಕೂಡಿಸಿದರೂ ಏರುಪೇರಿನಲ್ಲಿ ಶೇ. 5ರಷ್ಟಕ್ಕೆ ಮಾತ್ರ ಲೆಕ್ಕ ಸಿಕ್ಕಿತು. ಅವಳಿಗಳ ಅಧ್ಯಯನ ಹೇಳಿದ ಶೇ. 80 ಎಲ್ಲಿ ಹೋಯಿತು? ‘ಕಾಣೆಯಾದ ಆನುವಂಶಿಕತೆ’ ಎಂದೇ ಇದಕ್ಕೆ ಹೆಸರು ಬಿತ್ತು. ಆಸ್ಟ್ರೇಲಿಯದ ಜಿಯಾನ್ ಯಾಂಗ್, ಪೀಟರ್ ವಿಷರ್ ಮತ್ತು ಸಂಗಡಿಗರು 2010ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ಯಾವ ಸ್ನಿಪ್ ಮುಖ್ಯವೆಂದು ಹುಡುಕುವುದನ್ನು ಬಿಟ್ಟು, ಪರಸ್ಪರ ನೆಂಟರಲ್ಲದ 3,925 ಜನರನ್ನು ತೆಗೆದುಕೊಂಡು, ಅವರಿಂದಾಗುವ ಸುಮಾರು 77 ಲಕ್ಷ ಜೋಡಿಗಳಲ್ಲಿ ಡಿಎನ್‌ಎಯಲ್ಲಿ ತುಸು ಹೆಚ್ಚು ಹೋಲುವ ಜೋಡಿಗಳು ಎತ್ತರದಲ್ಲೂ ತುಸು ಹೆಚ್ಚು ಹೋಲುತ್ತವೆಯೇ ಎಂದು ನೋಡಿದರು. ಸಮೀಪದ ನೆಂಟರನ್ನು ಬೇಕೆಂದೇ ಹೊರಗಿಟ್ಟಿದ್ದರು, ಒಂದೇ ಮನೆಯ ಅನ್ನ ಉಂಡವರು ಲೆಕ್ಕದೊಳಗೆ ಬರಬಾರದೆಂದು. ಉತ್ತರ ಶೇ. 45 ಎಂದು ಬಂತು. ಕಾಣೆಯಾಗಿದ್ದ ಭಾಗದ ಬಹುಪಾಲು ಎಲ್ಲಿಗೂ ಹೋಗಿರಲಿಲ್ಲ. ಸಾವಿರಾರು ತಾಣಗಳಲ್ಲಿ ಹಂಚಿಹೋಗಿದ್ದು, ಒಂದೊಂದೂ ಎರಡು ಕೋಟಿಯ ಆ ಗೆರೆ ದಾಟಲಾರದಷ್ಟು ಸಣ್ಣದಾಗಿತ್ತು, ಅಷ್ಟೆ. 2022ರಲ್ಲಿ 54 ಲಕ್ಷ ಜನರನ್ನು ಒಳಗೊಂಡ ಅಧ್ಯಯನ ಆ ಗೆರೆ ದಾಟಿದ 12,111 ತಾಣಗಳನ್ನು ಪಟ್ಟಿ ಮಾಡಿತು.

ಇಷ್ಟು ಸಣ್ಣ ಪರಿಣಾಮಗಳನ್ನು ಹಿಡಿಯಹೊರಟಾಗ ಅಷ್ಟೇ ಸಣ್ಣ ತಪ್ಪುಗಳೂ ಬಲೆಗೆ ಬೀಳುತ್ತವೆ. ಯುರೋಪಿನ ಉತ್ತರದವರು ದಕ್ಷಿಣದವರಿಗಿಂತ ಎತ್ತರ, ಮತ್ತು ಎಷ್ಟೋ ಸ್ನಿಪ್‌ಗಳ ಪ್ರಮಾಣವೂ ಉತ್ತರದಿಂದ ದಕ್ಷಿಣಕ್ಕೆ ಬದಲಾಗುತ್ತದೆ. ಎತ್ತರದ ಈ ವ್ಯತ್ಯಾಸಕ್ಕೆ ಆಹಾರವೇ ಕಾರಣವಾಗಿದ್ದರೂ, ಉತ್ತರದಲ್ಲಿ ಹೆಚ್ಚಾಗಿರುವ ಯಾವುದೋ ಸಂಬಂಧವಿಲ್ಲದ ಅಕ್ಷರ ‘ಎತ್ತರದ ಜೀನ್’ ಎಂಬಂತೆ ಕಾಣಿಸುತ್ತದೆ. ಈ ಅಪಾಯ ಸಂಶೋಧಕರಿಗೆ ಗೊತ್ತಿತ್ತು, ಪೂರ್ವಜರ ಮೂಲವನ್ನು ಸೂಚಿಸುವ ಅಂಶಗಳನ್ನು ಲೆಕ್ಕಕ್ಕೆ ಸೇರಿಸಿ ಸರಿಪಡಿಸಿಯೂ ಇದ್ದರು. ಆದರೂ ಪ್ರತಿ ತಾಣದಲ್ಲಿ ಎಳ್ಳಷ್ಟು ತಪ್ಪು ಉಳಿದಿತ್ತು, ಮತ್ತು ಸಾವಿರಾರು ತಾಣಗಳನ್ನು ಕೂಡಿಸಿ ಒಂದೇ ಅಂಕ ಮಾಡಿದಾಗ ಆ ಎಳ್ಳುಗಳೆಲ್ಲ ಒಂದೇ ದಿಕ್ಕಿನಲ್ಲಿ ರಾಶಿಯಾದವು. ನೈಸರ್ಗಿಕ ಆಯ್ಕೆಯೇ ಉತ್ತರದವರನ್ನು ಎತ್ತರ ಮಾಡಿತೆಂಬ ತೀರ್ಮಾನ ಅದರ ಮೇಲೆ ನಿಂತಿತ್ತು. ಬಹುಮಟ್ಟಿಗೆ ಏಕರೂಪದ ಬ್ರಿಟಿಷ್ ದತ್ತಾಂಶದಲ್ಲಿ 2019ರಲ್ಲಿ ಮರುಪರಿಶೀಲಿಸಿದಾಗ ಆ ಸೂಚನೆ ಬಹುಪಾಲು ಕರಗಿಹೋಯಿತು. ಒಂದು ಕ್ಷೇತ್ರ ತನ್ನ ಅತಿ ಪ್ರಿಯ ಫಲಿತಾಂಶವನ್ನು ತಾನೇ ಹೀಗೆ ಕಿತ್ತು ನೋಡಿದ್ದನ್ನು ನಾನು ಅದರ ಬಲವೆಂದೇ ಎಣಿಸುತ್ತೇನೆ.

ಈ ಬಲೆಯಿಂದ ತಪ್ಪಿಸಿಕೊಳ್ಳುವ ಅತ್ಯಂತ ಚೊಕ್ಕ ದಾರಿ ಒಡಹುಟ್ಟಿದವರ ಹೋಲಿಕೆ. ಅಣ್ಣ ತಂಗಿಯರು ಸರಾಸರಿಯಲ್ಲಿ ಅರ್ಧದಷ್ಟು ಡಿಎನ್‌ಎ ಹಂಚಿಕೊಳ್ಳುತ್ತಾರೆ, ಆದರೆ ಅದು ಸರಾಸರಿ ಮಾತ್ರ. 2006ರಲ್ಲಿ ವಿಷರ್ ತಂಡ ಪರಿಶೀಲಿಸಿದ ಜೋಡಿಗಳಲ್ಲಿ ಈ ಪಾಲು ಶೇ. 37ರಿಂದ 62ರವರೆಗೆ ಇತ್ತು. ಯಾವ ಮಗುವಿಗೆ ಯಾವ ತುಣುಕು ಸಿಗುತ್ತದೆಂಬುದು ಚೀಟಿ ಎತ್ತಿದಂತೆ, ಅದರಲ್ಲಿ ಊಟ, ಜಾತಿ, ಊರು ಯಾವುದೂ ಕೈಹಾಕಲಾರವು. ಆ ಸಣ್ಣ ಏರಿಳಿತವನ್ನೇ ಹಿಡಿದು 3,375 ಜೋಡಿಗಳಲ್ಲಿ ಲೆಕ್ಕ ಹಾಕಿದಾಗಲೂ ಎತ್ತರದ ಆನುವಂಶಿಕತೆ ಶೇ. 80ರ ಆಸುಪಾಸಿಗೇ ಬಂತು, ಅಂದಾಜಿನ ಅಂಚುಗಳು ಮಾತ್ರ ಅಗಲವಾಗಿದ್ದವು.

ನಮ್ಮ ದೇಶಕ್ಕೆ ಬಂದರೆ ಮೇಲಿನ ಸಂಖ್ಯೆಗಳು ನೇರವಾಗಿ ಹೊಂದುವುದಿಲ್ಲ. 2022ರ ಆ 54 ಲಕ್ಷದಲ್ಲಿ ದಕ್ಷಿಣ ಏಷ್ಯಾ ಮೂಲದವರು ಸುಮಾರು 78 ಸಾವಿರ ಮಾತ್ರ. ಅದರಿಂದ ಕಟ್ಟಿದ ಅಂಕ ಯುರೋಪ್ ಮೂಲದವರಲ್ಲಿ ಎತ್ತರದ ಏರುಪೇರಿನ ಶೇ. 40ರಷ್ಟನ್ನು ವಿವರಿಸಿದರೆ, ಇತರರಲ್ಲಿ ವಿವರಿಸುವುದು ಶೇ. 10ರಿಂದ 20ರಷ್ಟನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದ ಜೀನೋಮ್ ಇಂಡಿಯಾ ಯೋಜನೆ 83 ಸಮುದಾಯಗಳ ಸುಮಾರು 10,000 ಜನರ ಡಿಎನ್‌ಎ ಓದಿದೆ. ಇಲ್ಲಿ ಯಾವ ಅಕ್ಷರಗಳು ಬದಲಾಗುತ್ತವೆಂಬ ನಕ್ಷೆಗೆ ಅಷ್ಟು ಸಾಕು, ಎತ್ತರಕ್ಕೋ ಸಕ್ಕರೆ ಕಾಯಿಲೆಗೋ ಅವುಗಳ ಕೊಡುಗೆ ಅಳೆಯಲು ಲಕ್ಷಗಟ್ಟಲೆ ಜನ ಬೇಕು. ಜನ ಸಿಕ್ಕರೂ ಯುರೋಪಿನ ವಿಧಾನಗಳನ್ನು ಹಾಗೆಯೇ ಎತ್ತಿ ತರಲಾಗದು. ಸ್ವಜಾತಿಯೊಳಗೇ ಮದುವೆಯಾಗುತ್ತ ಬಂದ, ದಕ್ಷಿಣದಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಸಮುದಾಯಗಳಲ್ಲಿ ಯಾಂಗ್ ಅವರಂತೆ ‘ನೆಂಟರಲ್ಲದವರು ಮಾತ್ರ’ ಎಂದು ಜರಡಿ ಹಿಡಿದರೆ ಜರಡಿಯಲ್ಲಿ ಉಳಿಯುವವರು ಬಹಳ ಕಡಿಮೆ. ಇತ್ತ ಸಮುದಾಯಗಳ ನಡುವೆ ಜಮೀನು, ಅಡುಗೆ, ಓದು ಎಲ್ಲವೂ ವಂಶಮೂಲದ ಜೊತೆಜೊತೆಗೇ ಬದಲಾಗುವುದರಿಂದ ಯುರೋಪಿನ ಉತ್ತರ ದಕ್ಷಿಣದ ಆ ಬಲೆ ಇಲ್ಲಿ ಒಂದೇ ತಾಲ್ಲೂಕಿನೊಳಗೂ ಹರಡಿರಬಹುದು. ಹಾಗಾಗಿ ಇಲ್ಲಿ ಒಂದೇ ಮನೆಯ ಮಕ್ಕಳನ್ನು ಸಾಲಾಗಿ ಗೋಡೆಗೆ ನಿಲ್ಲಿಸಿ ಅಳೆದ ಅಳತೆಗೆ ಬೆಲೆ ಹೆಚ್ಚು: ಅವರ ಜಾತಿ ಒಂದೇ, ಅಡುಗೆ ಒಂದೇ, ಬೇರೆಯಾಗಿರುವುದು ಅವರವರು ಎತ್ತಿದ ಚೀಟಿ.