ಬಿಲ್ ಬುಕ್ ಮುಗಿಯುವ ಮೊದಲು ಫೋನ್ ಮಾಡಿ

ಆಟಿ ತಿಂಗಳು (ತುಳುನಾಡಿನ ಜೋರು ಮಳೆಯ ತಿಂಗಳು) ಹತ್ರ ಬಂತೂಂದ್ರೆ ನನಗೆ ಪ್ರಿಂಟಿಂಗ್ ಪ್ರೆಸ್ಸಿನವರ ಫೋನ್ ಶುರುವಾಗ್ತದೆ. ಮದುವೆ ಕಾಗದ ಇಲ್ಲ, ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ದೀಪಾವಳಿ ಹೊತ್ತಿಗೇ ಮತ್ತೆ ಹೊರಡೋದು, ಶಾಲೆಗಳ ಕೆಲಸ ಜೂನಿಗೇ ಮುಗಿದಿರ್ತದೆ, ಇದರ ಮೇಲೆ ಪೇಟೆಯಲ್ಲಿ ವ್ಯಾಪಾರವೇ ಇಲ್ಲ. ಕೇರಳದ ಗಡಿಯ ನಮ್ಮ ಕಾಸರಗೋಡಲ್ಲಿ ಕುಂಬಳೆಯವರೂ ಕೇಳೋದು ಅದೇ, ಬದಿಯಡ್ಕದವರೂ ಕೇಳೋದು ಅದೇ: "ಅಣ್ಣ, ಹೊಸ ಗಿರಾಕಿ ಹಿಡಿಯೋದು ಹೇಗೆ, ರೇಟು ಸ್ವಲ್ಪ ಇಳಿಸ್ಲಾ?"

ಇಳಿಸ್ಬೇಡಿ ಮಾರಾಯ್ರೆ. ಸಾವಿರ ರೂಪಾಯಿಯ ಕೆಲಸದಲ್ಲಿ ಪೇಪರು, ಪ್ಲೇಟು (ಅಚ್ಚಿನ ತಗಡು), ಬೈಂಡಿಂಗ್ ಅಂತ 700 ಹೋಗ್ತದೇಂತ ಇಟ್ಕೊಳ್ಳಿ, ನೀವು 100 ಬಿಟ್ರೆ ಗಿರಾಕಿಗೆ ಅದು ಹತ್ತು ಪರ್ಸೆಂಟ್ ಅಷ್ಟೆ, ನಿಮ್ಮ ಕೈಗೆ ಉಳಿಯುವ 300ರಲ್ಲಿ ಮೂರನೇ ಒಂದು ಪಾಲು ಹೋಯ್ತು. (ಲೆಕ್ಕ ಉದಾಹರಣೆಗೆ ಮಾತ್ರ, ನಿಮ್ಮದು ನೀವೇ ಹಾಕಿ ನೋಡಿ.) ಮಲ್ಟಿಕಲರ್ ಕ್ಯಾಲೆಂಡರಲ್ಲಿ ತಮಿಳುನಾಡಿನ ಶಿವಕಾಶಿ ಪ್ರೆಸ್ಸುಗಳ ರೇಟಿಗೆ ನಾವು ಹೇಗೂ ಇಳಿಯಲಿಕ್ಕೆ ಆಗ್ಲಿಕ್ಕಿಲ್ಲ.

ನಾನು ಹೇಳೋದು ಒಂದೇ, ಹಳೆ ಗಿರಾಕಿಯ ಬಿಲ್ ಬುಕ್ ಮುಗಿಯುವ ಮೊದಲು ನೀವೇ ಫೋನ್ ಮಾಡಿ, ಎಷ್ಟು ಸಲ ಹೇಳಿದ್ರೂ ಯಾರೂ ಮಾಡೋದಿಲ್ಲ. ನಿಮ್ಮ ಜಾಬ್ ರಿಜಿಸ್ಟರ್ ತೆಗೆದು ಹಳೆ ಬಿಲ್ ಬುಕ್ ಆರ್ಡರ್‌ಗಳನ್ನು ನೋಡಿ. ಯಾವ ನಂಬರಿಂದ ಯಾವ ನಂಬರಿನವರೆಗೆ ಹೊಡೆದು ಕೊಟ್ಟಿದ್ದೀರಿ, ಯಾವ ತಾರೀಕಿಗೆ ಕೊಟ್ಟಿದ್ದೀರಿ, ಎಲ್ಲ ಅದರಲ್ಲಿ ಉಂಟಲ್ಲ. ಹಾರ್ಡ್‌ವೇರ್ ಅಂಗಡಿಗೆ 50 ಸೆಟ್ಟಿನ (ಬಿಲ್ಲು, ಅದರ ಕಾಪಿ ಸೇರಿ ಒಂದು ಸೆಟ್ಟು) ಹತ್ತು ಬುಕ್ಕು ಕೊಟ್ರೆ 500 ಬಿಲ್ಲಾಯ್ತು, ದಿನಕ್ಕೆ ಎಂಟು ಹರಿದ್ರೆ ಸುಮಾರು ಎರಡು ತಿಂಗಳಲ್ಲಿ ಖಾಲಿ. ದಿನಕ್ಕೆ ಎಷ್ಟು ಹರೀತಾರೇಂತ ಗೊತ್ತಿಲ್ವಾ? ಅವರ ಹಿಂದಿನ ಎರಡು ಆರ್ಡರಿನ ತಾರೀಕು ನೋಡಿ, ನಡುವಿನ ಅಂತರವೇ ಉತ್ತರ. ಕಳೆದ ಸಲ ಎಪ್ಪತ್ತು ದಿನಕ್ಕೆ ಬಂದವರಿಗೆ ಈ ಸಲ ಐವತ್ತೈದನೇ ದಿನಕ್ಕೆ ಫೋನ್ ಮಾಡಿ, ವ್ಯಾಪಾರ ಕಮ್ಮಿ ಇರೋವಾಗ ಬುಕ್ಕೂ ನಿಧಾನ ಮುಗೀತದೆ, ಆಗ ಅರವತ್ತೈದಕ್ಕಾದ್ರೂ ಸಾಕು. ಕೇಳೋದು ಇಷ್ಟೆ, "ಎಷ್ಟು ಬುಕ್ಕು ಉಳಿದಿದೆ, ಕೊನೇ ನಂಬರ್ ಎಷ್ಟು, ಅಡ್ರೆಸ್ಸು ಫೋನ್ ನಂಬರ್ ಏನಾದ್ರೂ ಬದಲಾಗಿದೆಯಾ?"

ಬುಕ್ಕು ಮುಗಿದ ಮೇಲೆ ಗಿರಾಕಿ ನಿಮ್ಮನ್ನು ನೆನಪು ಮಾಡ್ಕೊಳ್ಳೋದಿಲ್ಲ, ಅವನಿಗೆ ನಾಳೆ ಬೆಳಿಗ್ಗೆ ಬಿಲ್ಲು ಬೇಕು, ಅಷ್ಟೆ. ನನ್ನ ಪರಿಚಯದ ಒಬ್ರು, ತುಂಬಾ ಒಳ್ಳೆ ಕೆಲಸಗಾರ, ಹೊಸ ಗಿರಾಕಿ ಬೇಕೂಂತ ಪೇಟೆಯಿಡೀ ಪಾಂಪ್ಲೆಟ್ ಹಂಚಿದ್ರು. ಅದೇ ವಾರ ಅವರ ಹಳೆ ಗಿರಾಕಿಯೊಬ್ಬರ ಬುಕ್ಕು ಶನಿವಾರ ಸಂಜೆ ಮುಗೀತು, ಆ ಗಿರಾಕಿಯ ಮಗ ಮಂಗಳೂರಿಗೆ ಹೋಗುವವ ಇದ್ದ, ಸ್ಯಾಂಪಲ್ ಹಿಡ್ಕೊಂಡು ಹೋಗಿ ಅಲ್ಲೇ ಮಾಡಿಸಿದ. ಆಮೇಲೆ ಲೆಟರ್‌ಹೆಡ್ಡೂ ಅಲ್ಲಿಗೆ ಹೋಯ್ತು, ಮಗಳ ಮದುವೆ ಕಾಗದವೂ ಅಲ್ಲಿಗೇ. ಗಿರಾಕಿಗೆ ಸಿಟ್ಟೇನೂ ಇಲ್ಲ, ಈಗಲೂ ಎದುರು ಸಿಕ್ಕಿದ್ರೆ ಚಾ ಕುಡಿಸ್ತಾರೆ, ಪಾಪ.

ಕಂಪ್ಯೂಟರ್ ಬಿಲ್ಲಿಗೆ ಹೋದ ಅಂಗಡಿಗಳಲ್ಲಿ ಇದು ನಡೆಯೋದಿಲ್ಲ, ಒಪ್ತೇನೆ. ಆದ್ರೆ ಅಡಿಕೆ ಮಂಡಿ, ವರ್ಕ್‌ಶಾಪ್, ಕ್ಲಿನಿಕ್ಕು, ದೇವಸ್ಥಾನದ ಸೇವಾ ರಶೀದಿ, ಮದ್ರಸದ ಚಂದಾ ಬುಕ್ಕು, ಹಾಲಿನ ಸೊಸೈಟಿ, ಇಲ್ಲೆಲ್ಲ ಇನ್ನೂ ಕೈಬರಹ ಸುಮಾರು ಉಂಟು.

ಮಾರ್ಚ್ ತಿಂಗಳನ್ನು ಮಾತ್ರ ಬಿಡ್ಲೇಬೇಡಿ. ಜಿಎಸ್‌ಟಿ ಬಿಲ್ಲಿನ ನಂಬರ್ ಸಾಲಾಗಿ ಬರ್ಬೇಕು, ಒಂದೇ ಹಣಕಾಸು ವರ್ಷದಲ್ಲಿ ಅದೇ ನಂಬರ್ ಇನ್ನೊಂದ್ಸಲ ಬರ್ಬಾರ್ದು, ಹಾಗಾಗಿ ಸುಮಾರು ಜನ ಏಪ್ರಿಲಿಗೆ ಹೊಸ ಸೀರೀಸ್ ಶುರು ಮಾಡ್ತಾರೆ. ಕಾಂಪೊಸಿಶನ್ ಸ್ಕೀಮಿನವರಿಗೆ (ವಹಿವಾಟಿನ ಮೇಲೆ ಸಣ್ಣ ದರದಲ್ಲಿ ಟ್ಯಾಕ್ಸ್ ಕಟ್ಟುವ ಸಣ್ಣ ವ್ಯಾಪಾರಿಗಳಿಗೆ) ಟ್ಯಾಕ್ಸ್ ಇನ್‌ವಾಯ್ಸ್ ಅಲ್ಲ, ಬಿಲ್ ಆಫ್ ಸಪ್ಲೈ, ಟ್ಯಾಕ್ಸ್ ವಸೂಲಿ ಮಾಡುವ ಹಾಗಿಲ್ಲಾಂತ ಮೇಲ್ಗಡೆ ಪ್ರಿಂಟ್ ಇರ್ಬೇಕು. ಗಿರಾಕಿ ಯಾವ ಸ್ಕೀಮಲ್ಲಿ ಇದ್ದಾರೇಂತ ನೀವು ಊಹೆ ಮಾಡ್ಬೇಡಿ, ಅವರ ಅಕೌಂಟೆಂಟ್ ಹತ್ರ ಬರಹದಲ್ಲಿ ಕೇಳಿ ಆಮೇಲೆ ಪ್ಲೇಟ್ ಹಾಕಿ.

ಇನ್ನೊಂದು ನಮ್ಮ ಕಾಸರಗೋಡಿನವರ ಕೈಯಲ್ಲೇ ಇರುವ ವಿಷಯ. ಮಂಗಳೂರಿಗೆ ಹೋದ್ರೆ ಮಲಯಾಳಂ ಪ್ರೂಫ್ ನೋಡುವವರು ಸಿಗೋದು ಕಷ್ಟ, ಕಣ್ಣೂರಿಗೆ ಹೋದ್ರೆ ಕನ್ನಡದ ಒತ್ತಕ್ಷರ ಸರಿ ಕೂತಿದೆಯಾಂತ ನೋಡುವವರು ಸಿಗೋದೂ ಅಷ್ಟೇ ಕಷ್ಟ. ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ ಎರಡೂ ಭಾಷೆಯಲ್ಲಿ ತಪ್ಪಿಲ್ಲದೆ ಬರ್ಬೇಕಾದ್ರೆ ಕಮಿಟಿಯವರು ನಮ್ಮ ಹತ್ರ ಬರ್ಲೇಬೇಕು, ಅದನ್ನು ಫೋನಲ್ಲಿ ಬಾಯಿಬಿಟ್ಟು ಹೇಳಿ.

ಮತ್ತೆ ಆ ಫೋನಲ್ಲಿ ಹಳೆ ಬಾಕಿ ಎತ್ಬೇಡಿ. ಬಾಕಿಗೆ ಬೇರೆ ದಿನ ಬೇರೆ ಫೋನ್ ಮಾಡಿ. ಎರಡನ್ನೂ ಒಟ್ಟಿಗೆ ಕೇಳಿದ್ರೆ ಮುಂದಿನ ಸಲ ನಿಮ್ಮ ನಂಬರ್ ನೋಡಿದ ಕೂಡ್ಲೇ ಅವರು ಫೋನೇ ಎತ್ತೋದಿಲ್ಲ, ಬಾಕಿಯೂ ಬರೋದಿಲ್ಲ, ಆರ್ಡರೂ ಬರೋದಿಲ್ಲ.