ಕಣ್ಣಿನ ಗಡ್ಡೆ, ಕಾಲಿನ ಮೂಳೆ

ರೆಟಿನೊಬ್ಲಾಸ್ಟೋಮಾ ಎಂಬುದು ಎಳೆಯ ಮಕ್ಕಳ ಅಕ್ಷಿಪಟಲದಲ್ಲಿ ಹುಟ್ಟುವ ಕ್ಯಾನ್ಸರ್. ಸುಮಾರು 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುವಷ್ಟು ಅಪರೂಪದ್ದು. ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಮಗುವಿನ ಒಂದು ಕಣ್ಣಿನ ಪಾಪೆ ಕೆಂಪಾಗಿದ್ದು, ಇನ್ನೊಂದು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುವುದು ಎಷ್ಟೋ ಸಲ ಇದರ ಮೊದಲ ಸುಳಿವು. ಕಣ್ಣನ್ನು ಬೇಗ ತೆಗೆದರೆ ಮಗು ಉಳಿದೀತು ಎಂದು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ವಾರ್ಡ್ರಾಪ್ 1809ರಲ್ಲೇ ಬರೆದಿದ್ದ. ಆದರೆ ಎರಡೂ ಕಣ್ಣಿಗೆ ಗಡ್ಡೆಯಾದ ಮಗುವಿನ ಮುಂದೆ ಆ ಮಾತು ಆಡುವುದು ಹೇಗೆ? 20ನೇ ಶತಮಾನದಲ್ಲಿ ಬಂದ ವಿಕಿರಣ ಚಿಕಿತ್ಸೆ ಜೀವದ ಜೊತೆಗೆ ದೃಷ್ಟಿಯನ್ನೂ ಉಳಿಸಿಕೊಟ್ಟಿತು.

ಹಾಗೆ ಉಳಿದ ಮಕ್ಕಳು ದೊಡ್ಡವರಾಗುತ್ತಿದ್ದಂತೆ ಕೆಲವರಿಗೆ ಮತ್ತೊಂದು ಕ್ಯಾನ್ಸರ್ ಬಂತು. ಅದು ಹಳೆಯ ಗಡ್ಡೆ ಹರಡಿದ್ದಲ್ಲ, ಬೇರೆಯೇ ಜಾತಿಯದು. ಕಿರಣ ಹಾದುಹೋದ ಕಣ್ಣುಗೂಡಿನ ಸುತ್ತ ಸಾರ್ಕೋಮಾ, ಅಂದರೆ ಮೂಳೆ, ಸ್ನಾಯುಗಳಂಥ ಅಂಗಾಂಶದ ಕ್ಯಾನ್ಸರ್, ಕಾಣಿಸಿದಾಗ ವೈದ್ಯರು ವಿಕಿರಣವನ್ನು ಶಂಕಿಸಿದ್ದು ಸಹಜವೇ, ತಪ್ಪೂ ಅಲ್ಲ. ಆದರೆ ಕಿರಣ ಸೋಕದ ಕಾಲಿನಲ್ಲಿ, ಮಂಡಿಯ ಹತ್ತಿರದ ಮೂಳೆಯಲ್ಲಿ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಹುಟ್ಟಿದ್ದಕ್ಕೆ ಆ ವಿವರಣೆ ಸಾಲುತ್ತಿರಲಿಲ್ಲ.

ಉತ್ತರದ ದಾರಿ ತೆರೆದದ್ದು ಒಂದು ಗ್ರಾಫ್. ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದ ತಳಿವಿಜ್ಞಾನಿ ಆಲ್‌ಫ್ರೆಡ್ ನಡ್ಸನ್ 1971ರಲ್ಲಿ 48 ರೋಗಿಗಳ ದಾಖಲೆ ತೆಗೆದು, ಪ್ರತಿ ವಯಸ್ಸಿನಲ್ಲಿ ಇನ್ನೂ ರೋಗ ಪತ್ತೆಯಾಗದೆ ಉಳಿದವರ ಪಾಲನ್ನು ಲಾಗರಿದಮ್ ಲೆಕ್ಕದಲ್ಲಿ ಗುರುತಿಸಿದ. ಎರಡೂ ಕಣ್ಣಿನ ರೋಗದ್ದು ನೇರ ಗೆರೆ, ಒಂದೇ ಕಣ್ಣಿನದ್ದು ಬಾಗಿದ ಗೆರೆ. ನೇರ ಗೆರೆಗೆ ಒಂದು ಆಕಸ್ಮಿಕ ಸಾಕು, ಬಾಗಿದ ಗೆರೆಗೆ ಎರಡು ಬೇಕು. ಗಡ್ಡೆಯಾಗಲು ಜೀವಕೋಶದ ಜೀನ್‌ಗಳಿಗೆ ಎರಡು ಪೆಟ್ಟು, ಅಂದರೆ ಎರಡು ದೋಷ, ಬೇಕು. ಕೆಲವು ಮಕ್ಕಳು ಮೊದಲ ಪೆಟ್ಟನ್ನು ಹೊತ್ತೇ ಹುಟ್ಟುತ್ತಾರೆ ಎಂದು ಆತ ಊಹಿಸಿದ. 1986ರಲ್ಲಿ ಈ ಪೆಟ್ಟು ಬೀಳುವ, 13ನೇ ವರ್ಣತಂತುವಿನ ಆರ್‌ಬಿ1 ಜೀನ್ ಕೈಗೆ ಸಿಕ್ಕಿತು. ಹುಟ್ಟಿನಿಂದ ಬಂದ ದೋಷ ಕಣ್ಣಿನಲ್ಲಷ್ಟೇ ಅಲ್ಲ, ಮೈಯ ಎಲ್ಲ ಜೀವಕೋಶಗಳಲ್ಲೂ ಇರುತ್ತದೆ. ಮೂಳೆಗೆ ಬೇಕಾದದ್ದು ಇನ್ನೊಂದೇ ಪೆಟ್ಟು.

ವಿಕಿರಣದ ಪಾಲೆಷ್ಟು? 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಪ್ರಕಾರ, ರೋಗ ಪತ್ತೆಯಾದ 50 ವರ್ಷಗಳಲ್ಲಿ ಹೊಸ ಕ್ಯಾನ್ಸರ್ ಬಂದದ್ದು ಅನುವಂಶೀಯ ರೋಗಿಗಳ ಪೈಕಿ ವಿಕಿರಣ ಪಡೆದವರಲ್ಲಿ ಸುಮಾರು ಶೇ 38ರಷ್ಟು, ಪಡೆಯದವರಲ್ಲಿ ಶೇ 21ರಷ್ಟು. ಅನುವಂಶೀಯವಲ್ಲದ ರೋಗಿಗಳಲ್ಲಿ ಒಟ್ಟಾರೆ ಶೇ 6ರ ಆಸುಪಾಸು. ಬೀಜ ಮೊದಲೇ ಇತ್ತು, ಕಿರಣ ಅದಕ್ಕೆ ನೀರೆರೆದಿತ್ತು. 1990ರ ದಶಕದಿಂದ ವೈದ್ಯರು ಕಿಮೋಥೆರಪಿಯಿಂದ ಗಡ್ಡೆ ಕುಗ್ಗಿಸಿ, ಉಳಿದದ್ದನ್ನು ಲೇಸರ್ ಅಥವಾ ಅತಿಶೀತಲ ಚಿಕಿತ್ಸೆಯಿಂದ ನಾಶಪಡಿಸುವತ್ತ ಹೊರಳಿದ್ದು ಈ ಕಾರಣಕ್ಕೂ ಹೌದು. ಆದರೂ ದೋಷವುಳ್ಳ ಜೀನ್ ಹೊತ್ತ ಹುಡುಗನೋ ಹುಡುಗಿಯೋ ಹದಿನಾಲ್ಕರ ಪ್ರಾಯದಲ್ಲಿ ಮಂಡಿ ನೋವೆಂದರೆ, ಆಟದಲ್ಲಿ ಉಳುಕಿರಬೇಕು ಎಂದುಕೊಳ್ಳದೆ ಎಕ್ಸ್‌ರೇ ತೆಗೆಸುತ್ತಾರೆ.